ಕಲಬುರಗಿಗೆ ವರ್ಗವಾಗಿದೆ, ಮಕ್ಕಳ ಜೊತೆ ಯಾವ ಕಡೆ ಮನೆ ಮಾಡಿದರೆ ಒಳ್ಳೆಯದು?

ನಿಮ್ಮ ಕೆಲಸ ಯಾವ ದಿಕ್ಕಿಗೆ ಅಂತ ಮೊದಲು ನೋಡಿ. ಇಎಸ್‌ಐಸಿ ಆಸ್ಪತ್ರೆ ಅಥವಾ ಗುಲಬರ್ಗಾ ವಿಶ್ವವಿದ್ಯಾಲಯ ಆದರೆ ಸೇಡಂ ರಸ್ತೆ ಕಡೆಯೇ ಸರಿ, ವಿಮಾನ ನಿಲ್ದಾಣವೂ ಆ ಕಡೆಯೇ. ಕಡಗಂಚಿಯ ಕೇಂದ್ರೀಯ ವಿವಿ ಆದರೆ ಆಳಂದ ರಸ್ತೆ ಕಡೆ ಹುಡುಕಿ, ಇಲ್ಲಾಂದ್ರೆ ದಿನಾ ಊರು ದಾಟೋದೇ ಒಂದು ಕೆಲಸ ಆಗುತ್ತೆ.

ಆದರೆ ನನ್ನ ಕೇಳಿದರೆ ಏರಿಯಾಗಿಂತ ಮನೆ ಮುಖ್ಯ. ಏಪ್ರಿಲ್, ಮೇನಲ್ಲಿ ಇಲ್ಲಿ 42 ಡಿಗ್ರಿ ಮಾಮೂಲು. ಮೇಲಿನ ಮಹಡಿ ಮನೆಯಾಗಿ, ಪಶ್ಚಿಮದ ಗೋಡೆಗೆ ನೆರಳೂ ಇಲ್ಲದಿದ್ದರೆ ರಾತ್ರಿ ಹತ್ತಾದರೂ ಆ ಗೋಡೆ ಬಿಸಿ ಬಿಡಲ್ಲ, ಮಕ್ಕಳಿಗೆ ನಿದ್ದೆ ಬರಲ್ಲ. ಅದಕ್ಕೇ ಮನೆ ನೋಡೋಕೆ ಬೆಳಿಗ್ಗೆ ಹೋಗಬೇಡಿ, ಮಧ್ಯಾಹ್ನ ನಾಲ್ಕರ ಮೇಲೆ ಹೋಗಿ ಒಳಗಿನಿಂದ ಗೋಡೆಗೆ ಕೈಯಿಟ್ಟು ನೋಡಿ.

ಇನ್ನು ನೀರು. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕಾ ಅಂತ ಮನೆ ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ಸಂಪಿನ ಮುಚ್ಚಳ ತೆಗೆಸಿ ನೋಡಿ. ಬಾತ್‌ರೂಮಿನ ನಲ್ಲಿ ಬಾಯಿಗೆ ಬಿಳಿ ಪದರ ಕಟ್ಟಿದ್ದರೆ ಬೋರ್ ನೀರು ಗಡಸು ಅಂತಲೇ ಅರ್ಥ, ಕುಡಿಯೋಕೆ ಬೇರೆ ವ್ಯವಸ್ಥೆ ಬೇಕಾಗುತ್ತೆ.

ಶಾಲೆ ಮೊದಲು ಗೊತ್ತು ಮಾಡಿಕೊಳ್ಳಿ, ಅದರ ಬಸ್ಸು ಆ ಬಡಾವಣೆಗೆ ಬರುತ್ತಾ ಅಂತ ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ.