ನೀರು ಬಿಡಿಸಿ ಗೆಲ್ಲಿಸುವ ಕುಸ್ತಿ ಬೇಡ

(ಆಟಗಾರನಾಗಿ ಕಣದಲ್ಲಿ ಬೆಳೆದು, ಈಗ ಶಾಲೆಯಲ್ಲಿ ಮಕ್ಕಳಿಗೆ ಕುಸ್ತಿ ಕಲಿಸುತ್ತಿರುವ ಕೋಚ್ ಒಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಮುಂದಿನ ವಾರ ಕುಸ್ತಿ ಪಂದ್ಯವಿದೆ. 3 ಕೆಜಿ ಇಳಿಸಿದರೆ ಕೆಳಗಿನ ವಿಭಾಗದಲ್ಲಿ ಸುಲಭವಾಗಿ ಗೆಲ್ಲಬಹುದು ಅಂತ ಜೊತೆಯ ಹುಡುಗರು ತಲೆಗೆ ತುಂಬಿದ್ದಾರೆ. ಎರಡು ದಿನದಿಂದ ನೀರನ್ನೂ ಸರಿಯಾಗಿ ಕುಡಿಯುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಅವನಿಗೆ ನೀರು ಕುಡಿಸಿ ತಾಯಿ, ಆಮೇಲೆ ಇದನ್ನು ಓದಿ.

ಒಂದೇ ವಾರದಲ್ಲಿ ಅಷ್ಟು ತೂಕ ಇಳಿದರೆ ಕೊಬ್ಬು ಕರಗಿರುವುದು ಸ್ವಲ್ಪ, ಹೋಗಿರುವುದು ಜಾಸ್ತಿ ನೀರೇ. ನೀರು ಬತ್ತಿದ ಮೈ ಬೆವರಿ ತಣ್ಣಗಾಗುವುದಿಲ್ಲ. ಹೃದಯದ ಮೇಲೆ ಹೊರೆ ಬೀಳುತ್ತದೆ. ಇದು ಸುಮ್ನೆ ಹೆದರಿಸುವ ಮಾತಲ್ಲ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಪ್ರಾಣ ಕಳೆದುಕೊಂಡರು. ಆಮೇಲೆ ಅಲ್ಲಿ ಬೆವರಿಳಿಸುವ ರಬ್ಬರ್ ಸೂಟುಗಳನ್ನೇ ನಿಷೇಧಿಸಿದರು.

2024ರ ಪ್ಯಾರಿಸ್ ಒಲಿಂಪಿಕ್ಸ್ ನಿಮಗೆ ನೆನಪಿರಬೇಕು. ವಿನೇಶ್ ಫೋಗಟ್ ರಾತ್ರಿಯಿಡೀ ಬೆವರಿಳಿಸಿದರೂ 50 ಕೆಜಿ ಫೈನಲ್ ದಿನ ಬೆಳಿಗ್ಗೆ 100 ಗ್ರಾಂ ಜಾಸ್ತಿ ತೂಗಿದರು, ಅನರ್ಹರಾದರು. ಜೊತೆಯಲ್ಲಿ ವೈದ್ಯರಿದ್ದ ದೊಡ್ಡ ಆಟಗಾರ್ತಿಗೇ ಇಷ್ಟು ಕಷ್ಟ. ಇನ್ನು ಬೆಳೆಯುವ ಹುಡುಗನ ಪಾಡೇನು?

ಆಟದ ಲೆಕ್ಕದಲ್ಲೂ ಇದು ನಷ್ಟವೇ. ಒಣಗಿ ಬಂದ ಹುಡುಗ ಮೊದಲ ಸುತ್ತು ಹೇಗೋ ಆಡುತ್ತಾನೆ. ಎರಡನೇ ಸುತ್ತಿಗೆ ಅವನ ಹಿಡಿತ ಸಡಿಲವಾಗುತ್ತದೆ, ಕಾಲು ಏಳುವುದಿಲ್ಲ. ಅಭ್ಯಾಸಕ್ಕೆ ಬಂದವರ ತುಟಿ ನಾಲಿಗೆ ನೋಡುವುದು ನನಗೆ ರೂಢಿ. ಒಣಗಿದ್ದರೆ ಅವತ್ತು ಮ್ಯಾಟ್ ಹತ್ತಲು ಬಿಡುವುದಿಲ್ಲ, ಎಷ್ಟು ಗೋಗರೆದರೂ ಅಷ್ಟೇ. ಹೊಟ್ಟೆತುಂಬ ಉಂಡು ಎಷ್ಟು ತೂಗುತ್ತಾನೋ ಆ ವಿಭಾಗದಲ್ಲೇ ಆಡಲಿ. ಸೋತರೆ ಸೋಲಲಿ ಬಿಡಿ. ಅವನ ಕೋಚ್ ಜೊತೆಗೂ ಇವತ್ತೇ ಮಾತಾಡಿ.

ಪ್ರಶ್ನೆ: ಅಭ್ಯಾಸದಲ್ಲಿ ತಮ್ಮನ ಕಿವಿ ಊದಿಕೊಂಡಿದೆ. ಪೈಲ್ವಾನರಿಗೆ ಇದು ಶೋಭೆ ಅನ್ನುತ್ತಾನೆ!

ಉತ್ತರ: ನನ್ನ ಎಡಗಿವಿಯೂ ಹಾಗೇ ಇದೆ. ಅದರಲ್ಲಿ ಶೋಭೆ ಏನೂ ಕಾಣಲಿಲ್ಲ, ಇಯರ್‌ಫೋನ್ ಕೂರುವುದಿಲ್ಲ ಅಷ್ಟೇ. ಪೆಟ್ಟು ಬಿದ್ದಾಗ ಕಿವಿಯ ಮೃದ್ವಸ್ಥಿಗೂ ಅದರ ಹೊದಿಕೆಗೂ ನಡುವೆ ರಕ್ತ ತುಂಬುತ್ತದೆ. ಬೇಗ ವೈದ್ಯರ ಹತ್ತಿರ ಹೋದರೆ ಅದನ್ನು ತೆಗೆದು ಪಟ್ಟಿ ಕಟ್ಟುತ್ತಾರೆ. ತಡವಾದರೆ ಗಟ್ಟಿಯಾಗಿ ಹಾಗೇ ಉಳಿಯುತ್ತದೆ. ಮನೆಯಲ್ಲಿ ಸೂಜಿ ಚುಚ್ಚಬೇಡಿ. ವಾಸಿಯಾದ ಮೇಲೆ ಅಭ್ಯಾಸಕ್ಕೆ ಕಿವಿ ಮುಚ್ಚುವ ಹೆಡ್‌ಗಾರ್ಡ್ ಇರಲಿ.

ಪ್ರಶ್ನೆ: ದೊಡ್ಡವರ ಜೊತೆ ಸೆಣಸಿದವರು ನೀವು. ಈಗ ಚಿಕ್ಕ ಮಕ್ಕಳಿಗೆ ಅ ಆ ಇ ಈ ಹೇಳಿಕೊಡುವುದು ಬೋರ್ ಅಲ್ವಾ?

ಉತ್ತರ: ಬೋರಾ? ಆಡುವುದೇ ಸುಲಭವಿತ್ತು ಮಾರಾಯರೇ. ಎದುರಾಳಿಯ ಒಂದು ಕಾಲು ಹಿಡಿದು ಕೆಡಹುವ ಪಟ್ಟನ್ನು ಜೀವನಪೂರ್ತಿ ಹಾಕಿದ್ದೇನೆ. ಮೊದಲ ಸಲ ಹೇಳಿಕೊಡಲು ನಿಂತಾಗ ಬಾಯಿಂದ ಮಾತೇ ಹೊರಡಲಿಲ್ಲ. ಮೈಗೆ ಗೊತ್ತಿದ್ದದ್ದನ್ನು ತುಂಡು ತುಂಡಾಗಿ ಬಿಡಿಸಬೇಕಾಯಿತು. ಮಂಡಿ ಎಲ್ಲಿ ಊರಬೇಕು, ಎರಡೂ ಕೈ ಅವನ ಮಂಡಿಯ ಹಿಂದೆ ಹೇಗೆ ಬೀಗ ಹಾಕಬೇಕು, ತಲೆ ಎಲ್ಲಿರಬೇಕು. ತಲೆಯದೇ ದೊಡ್ಡ ಕಥೆ. ಅದನ್ನು ಎತ್ತಿ ಅವನ ಪಕ್ಕೆಗೆ ಒತ್ತಿ ಇಡಬೇಕು. ತಗ್ಗಿಸಿದರೆ ಕುತ್ತಿಗೆ ಅವನ ಕೈಗೆ ಕೊಟ್ಟಂತೆ.

ಇದೆಲ್ಲಕ್ಕಿಂತ ಮುಂಚೆ ಬೀಳುವುದನ್ನು ಕಲಿಸುತ್ತೇನೆ. ಗಲ್ಲ ಎದೆಗೆ ತಾಗಿಸಿ, ತೋಳು ಮ್ಯಾಟಿಗೆ ಅಗಲವಾಗಿ ಬಡಿದು ಬೀಳಬೇಕು. ಬೀಳುವಾಗ ಕೈಯೂರಿದರೆ ಮೊಣಕೈ ಹೋಯಿತು ಅಂತಲೇ ಲೆಕ್ಕ. ಪಟ್ಟು ಯಾವಾಗ ಕಲಿಸುತ್ತೀರಿ ಅಂತ ಮಕ್ಕಳು ದಿನಾ ಪ್ರಾಣ ತಿನ್ನುತ್ತಾರೆ.

ಈಗ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಕಾಲೇನೋ ಚೆನ್ನಾಗಿ ಹಿಡಿಯುತ್ತಾಳೆ, ತಲೆ ಮಾತ್ರ ಪ್ರತಿ ಸಲ ಕೆಳಗೆ. ಬಲಗಾಲು ಬಿಟ್ಟು ಎಡಗಾಲಿಗೆ ಹಾಕಿಸಿ ನೋಡಬೇಕು ಅಂದುಕೊಂಡಿದ್ದೇನೆ.