ಮುದ್ದೆ-ಸಾರಿಗೂ ವೈನಿಗೂ ಏನು ಜಗಳ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ನಂದಿ ಬೆಟ್ಟದ ಕೆಳಗಿನ ವೈನರಿಯೊಂದನ್ನು ನೋಡಿ ಬಂದೆವು. ಚೀಸ್ ಜೊತೆ ಕೊಟ್ಟಾಗ ವೈನ್ ಚೆನ್ನಾಗಿತ್ತು. ಮನೆಗೆ ಒಂದು ಬಾಟಲಿ ಕ್ಯಾಬರ್ನೆ ಅನ್ನೋ ಕೆಂಪು ವೈನ್ ತಂದು ನಾಟಿ ಕೋಳಿ ಸಾರು, ಮುದ್ದೆ ಜೊತೆ ಕುಡಿದರೆ ಬಾಯೆಲ್ಲ ಕಹಿ, ಉರಿ. ನಮ್ಮ ಊಟಕ್ಕೆ ಇದು ಹೊಂದಲ್ಲ ಅಲ್ವಾ?’

ಹೊಂದುತ್ತದೆ ಸರ್. ಚೀಸ್ ಜೊತೆ ವೈನ್ ಚೆನ್ನಾಗಿರುತ್ತದೆ ಅನ್ನೋದು ನಿಜ, ಅದರಲ್ಲಿ ತಕರಾರಿಲ್ಲ. ಆದರೆ ಒಂದು ಬಾಟಲಿ ಕೆಟ್ಟ ಜೋಡಿಯಾಯಿತು ಅಂತ ಇಡೀ ಅಡುಗೆಮನೆಯನ್ನೇ ಹೊರಗಿಟ್ಟುಬಿಟ್ಟಿರಲ್ಲ, ಅದು ಸರಿಯಲ್ಲ.

ತೋಟದಲ್ಲಿ ಒಂದು ಕ್ಯಾಬರ್ನೆ ಹಣ್ಣು ಕಿತ್ತು ಹಿಸುಕಿ ನೋಡಿದ್ದರೆ ಗೊತ್ತಾಗುತ್ತಿತ್ತು. ಕಾಳು ಚಿಕ್ಕದು, ಸಿಪ್ಪೆ ದಪ್ಪ, ರಸಕ್ಕೆ ಬಣ್ಣವೇ ಇಲ್ಲ. ಬಣ್ಣವೆಲ್ಲ ಸಿಪ್ಪೆಯಲ್ಲಿದೆ. ಅದಕ್ಕೇ ಕೆಂಪು ವೈನಿಗೆ ರಸವನ್ನು ಸಿಪ್ಪೆ, ಬೀಜದ ಜೊತೆಗೇ ಹುಳಿಯಲು ಬಿಡುತ್ತಾರೆ. ಬಣ್ಣದ ಜೊತೆ ಟ್ಯಾನಿನ್ ಕೂಡ ಇಳಿಯುತ್ತದೆ, ಅಡಿಕೆ ಅಗಿದಾಗ ಬರುವಂಥ ಒಗರು. ಖಾರದ ಬಾಯಿಗೆ ಆ ಒಗರು ಕಹಿಯಾಗುತ್ತದೆ, ಆಲ್ಕೋಹಾಲ್ ಉರಿ ಏರಿಸುತ್ತದೆ. ನಿಮಗಾದದ್ದು ಇಷ್ಟೇ.

ಖಾರದ ಸಾರಿಗೆ ಸ್ವಲ್ಪ ಸಿಹಿ ಉಳಿದಿರುವ ಶೆನಿನ್ ಬ್ಲಾಂ ಅನ್ನೋ ಬಿಳಿ ವೈನ್ ತಂಪು ಮಾಡಿ ಕುಡಿದು ನೋಡಿ. ಬಂಗುಡೆ ರವಾ ಫ್ರೈಗೆ ನಾವು ನಿಂಬೆ ಹಿಂಡುವ ಕೆಲಸವನ್ನು ಇನ್ನೊಂದು ಬಿಳಿ ವೈನ್ ಸೋವಿನ್ಯೋನ್ ಬ್ಲಾಂ ಮಾಡುತ್ತದೆ. ಶಿರಾಜ್ ಅನ್ನೋ ಕೆಂಪು ವೈನಿನಲ್ಲಿ ಕರಿಮೆಣಸಿನ ವಾಸನೆ ಇರುತ್ತದೆ, ಶೇಂಗಾ-ಎಳ್ಳು ತುಂಬಿದ ಎಣ್ಣೆಗಾಯಿ, ಜೋಳದ ರೊಟ್ಟಿ ಇದ್ದರೆ ನಾನು ಅದನ್ನೇ ತೆಗೆಯೋದು. ಮಸಾಲೆಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿ, ಬಣ್ಣ ಜಾಸ್ತಿ, ಖಾರ ಕಡಿಮೆ, ಕೆಂಪು ವೈನಿಗೆ ಅದಕ್ಕಿಂತ ಒಳ್ಳೆಯ ಮೆಣಸಿನಕಾಯಿ ಬೇಕಿಲ್ಲ. ಕೊಡಗಿನ ಪಂದಿ ಕರಿಗೆ ಕಾಚಂಪುಳಿಯ ಹುಳಿ ಇದೆಯಲ್ಲ, ಅಲ್ಲಿ ವೈನಿನಲ್ಲೂ ಹುಳಿ ಬೇಕು. ಹಂಪಿ ಬೆಟ್ಟಗಳ ಕಡೆ ಕೃಷ್ಮಾ ಎಸ್ಟೇಟ್‌ನವರು ಬೆಳೆಯುವ ಇಟಲಿ ಮೂಲದ ಕೆಂಪು ವೈನ್ ತಳಿ ಸಾಂಜಿಯೊವೇಸೆ ಅಂಥದ್ದು. ಆಮೇಲೆ, ಕೆಂಪು ವೈನ್ ರೂಮ್ ಟೆಂಪರೇಚರಿನಲ್ಲಿರಬೇಕು ಅನ್ನೋ ಮಾತು ನಮ್ಮ ಏಪ್ರಿಲ್ ತಿಂಗಳಿಗೆ ಹೇಳಿದ್ದಲ್ಲ. ಅದಕ್ಕೆ ಬೇಕಿರೋದು 16ರಿಂದ 18 ಡಿಗ್ರಿ. ಕುಡಿಯೋ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ದಾವಣಗೆರೆಯ ಸೆಖೆಯಲ್ಲಿ ಹಾಗೇ ಕುಡಿದರೆ ಯಾವ ವೈನೂ ಉರಿಯೇ.

ಕುಡಿಯದವರು ಕುಡಿಯುವುದು ಬೇಡ, ಅವರ ಮಾತಿಗೆ ಗೌರವವಿದೆ. ನನ್ನ ಹೊಟ್ಟೆಯುರಿ ಬೇರೆ. ಕನ್ವಲ್ ಗ್ರೋವರ್ ಎಂಬ ಉದ್ಯಮಿ 1980ರ ದಶಕದಲ್ಲೇ ಫ್ರೆಂಚ್ ತಳಿಗಳನ್ನು ನಂದಿ ಬೆಟ್ಟದ ಬುಡದಲ್ಲಿ ಬೆಳೆಸಿ ನೋಡಿದರು. ಸರ್ಕಾರ 2007ರಲ್ಲಿ ವೈನ್ ನೀತಿ ತಂದಿತು. ಇಲ್ಲಿ ಬಳ್ಳಿ ಚಳಿಗೆ ನಿದ್ದೆ ಹೋಗೋದಿಲ್ಲ, ಅದಕ್ಕೇ ರೈತ ಏಪ್ರಿಲ್‌ನಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ ಚಾಟ್ನಿ ಮಾಡಿ (ಅಂದರೆ ಬಳ್ಳಿಯ ಕಡ್ಡಿ ಕತ್ತರಿಸಿ), ಮಳೆಗೆ ರೋಗ ಬರದಂತೆ ಕಾದು, ಫೆಬ್ರವರಿ-ಮಾರ್ಚ್‌ನಲ್ಲಿ ಗೊಂಚಲು ಕುಯ್ಯುತ್ತಾನೆ. ಇಷ್ಟೆಲ್ಲ ಆಗಿಯೂ ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಮೆನು ಬಿಡಿಸಿದರೆ ಇಟಲಿ, ಚಿಲಿ, ಆಸ್ಟ್ರೇಲಿಯಾ. ನಮ್ಮ ರಾಜ್ಯದ ವೈನ್ ಕೇಳಿದರೆ ಸಪ್ಲೈಯರ್ ಮ್ಯಾನೇಜರನ್ನು ಕರೆಯಲು ಹೋದ! ಊರ ಹೋಟೆಲಿನಲ್ಲೇ ಊರ ಬೆಳೆ ಸಿಗದಿದ್ದರೆ ಇನ್ನೆಲ್ಲಿ ಹುಡುಕಬೇಕು?

ಬೆಂಗಳೂರು ಬ್ಲೂ ಕಥೆಯಂತೂ ಇನ್ನೂ ಬೇಸರದ್ದು. ಹಿಸುಕಿದರೆ ತಿರುಳು ಪುಳಕ್ಕನೆ ಬಾಯಿಗೆ ಜಾರಿ ಸಿಪ್ಪೆ ಕೈಯಲ್ಲೇ ಉಳಿಯುವ ಆ ಕಪ್ಪು ದ್ರಾಕ್ಷಿ, ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಮಕ್ಕಳೆಲ್ಲ ತಿಂದು ಬೆಳೆದದ್ದು. 2013ರಲ್ಲಿ ಜಿಐ ಮಾನ್ಯತೆ, ಅಂದರೆ ಈ ಊರಿನದೇ ಬೆಳೆ ಅನ್ನೋ ಅಧಿಕೃತ ಗುರುತು, ಸಿಕ್ಕಿತು. ಆದರೂ ಅದು ಜ್ಯೂಸಿಗೆ, ಅಗ್ಗದ ಸಿಹಿ ಪೋರ್ಟ್ ವೈನಿಗೆ ಮಾತ್ರ ಸರಿ ಅಂತ ಮೂಗು ಮುರಿಯುವವರೇ ಜಾಸ್ತಿ. ಅದರ ಗಾಢ ಪರಿಮಳ ಫ್ರೆಂಚ್ ತಳಿಗಳ ಹಾಗಿಲ್ಲ ನಿಜ, ಹಾಗಿರಬೇಕು ಅಂತ ಯಾರು ಹೇಳಿದರು? ಇತ್ತ ವಿಮಾನ ನಿಲ್ದಾಣದ ಸುತ್ತ ಚಪ್ಪರ ಕಿತ್ತು ಸೈಟು ಮಾಡುತ್ತಿದ್ದಾರೆ. ಮಾರ್ಕೆಟ್ಟಿನಲ್ಲಿ ಬೆಲೆ ಬಿದ್ದ ವರ್ಷ ಬೆಳೆಗಾರ ತಾನೇ ಇನ್ನೇನು ಮಾಡಿಯಾನು?

ನೀವು ಮತ್ತೆ ಹೋಗುವುದಾದರೆ ಫೆಬ್ರವರಿಯಲ್ಲಿ ಹೋಗಿ, ಕೊಯ್ಲು ಕಣ್ಣಾರೆ ನೋಡಬಹುದು. ಚೀಸ್ ತಟ್ಟೆ ತಂದಿಟ್ಟರೆ, ಎಣ್ಣೆಗಾಯಿ ಯಾಕಿಲ್ಲ ಅಂತ ಕೇಳಿ, ಸಂಕೋಚ ಬೇಡ. ನಾಲ್ಕು ಜನ ಕೇಳಿದರೆ ಮಾಡಿಯೇ ಮಾಡುತ್ತಾರೆ.

-ಸಂ.