ಬಾಡಿಗೆ ಮನೆ: ಅಡ್ವಾನ್ಸ್, ಕರಾರು, ನೀರು

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಮನೆ ನೋಡಿದ್ದೇವೆ. ಬಾಡಿಗೆ 22,000 ರೂ., ಅಡ್ವಾನ್ಸ್ ಹತ್ತು ತಿಂಗಳದ್ದು. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರಂತೆ. ಸಹಿ ಹಾಕುವ ಮುನ್ನ ಏನೇನು ನೋಡಬೇಕು?

ಉತ್ತರ: ಹತ್ತು ತಿಂಗಳು ಬೆಂಗಳೂರಿನ ಹಳೇ ರೂಢಿ, ಕಾನೂನಲ್ಲ. ಸಂಕೋಚವಿಲ್ಲದೆ ಚೌಕಾಸಿ ಮಾಡಿ. ಹಣ ಬ್ಯಾಂಕಿನ ಮೂಲಕವೇ ಹೋಗಲಿ, ಮೊತ್ತ ಕರಾರಿನಲ್ಲಿರಲಿ. ಪೇಂಟಿಂಗ್ ಕಡಿತವೂ ರೂಢಿಯೇ. ಜಗಳ ಹುಟ್ಟುವುದು ‘ಪೇಂಟಿಂಗ್ ಮತ್ತು ಇತರ ಖರ್ಚು’ ಎಂಬ ಸಾಲಿನಿಂದ. ಆ ‘ಇತರ’ದೊಳಗೆ ಗೀಸರ್, ನಲ್ಲಿ, ಸಿಂಕ್ ಎಲ್ಲವೂ ಬಂದು ಸೇರುತ್ತವೆ. ಆ ಸಾಲನ್ನು ಹೊಡೆದುಹಾಕಿಸಿ, ‘ಒಂದು ತಿಂಗಳ ಬಾಡಿಗೆ ಮಾತ್ರ, ಉಳಿದದ್ದು ಬೀಗದ ಕೈ ಒಪ್ಪಿಸಿದ ದಿನವೇ ವಾಪಸ್’ ಎಂದು ಬರೆಸಿ. ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಅದಕ್ಕೇ ಎಲ್ಲರೂ 11 ತಿಂಗಳಿಗೆ ಮಾಡಿಸುವುದು.

ನೀರಿನದೇ ದೊಡ್ಡ ವಿಷಯ. ಕಾವೇರಿ ನೀರು ಯಾವ ದಿನ ಬರುತ್ತದೆ, ಸಂಪಿನ ಮೋಟರ್ ಹಾಕುವವರು ಯಾರು, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು? ಓನರ್‌ಗಿಂತ ಪಕ್ಕದ ಮನೆಯ ಬಾಡಿಗೆದಾರರನ್ನು ಕೇಳಿ, ನಿಜ ಹೊರಬೀಳುತ್ತದೆ. ಮನೆ ಹೊಕ್ಕ ದಿನವೇ ಬೆಸ್ಕಾಂ ಮೀಟರಿನ ರೀಡಿಂಗ್, ಗೋಡೆಯ ತೇವ, ಒಡೆದ ಟೈಲ್ಸ್ ಎಲ್ಲದರ ಫೋಟೊ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ಹಿಂದಿನವರ ಕರೆಂಟ್ ಬಿಲ್ ಬಾಕಿ ಇದ್ದರೆ ಅವರಿಂದಲೇ ತೀರಿಸಿಕೊಳ್ಳಲು ಓನರ್‌ಗೆ ಹೇಳಿ.